ನೇಪಲ್ಸಿನಲ್ಲಿ ಏಳು ತಾಸು

೧೨ ಮೇ ೧೯೭೬, ಬುಧವಾರ. ಹಡಗಿನಲ್ಲಿ

ಇವತ್ತು ಏಳುನೂರು ಚಾದರ. ಟವೆಲ್ಲು ಎಷ್ಟೋ, ಎಣಿಸಲಿಲ್ಲ. ಇಸ್ತ್ರಿ ಮಷೀನು ಮತ್ತೆ ಕೈಕೊಟ್ಟಿತು. ಈ ಲಾಂಡ್ರಿಗಿಂತ ನಮ್ಮೂರು ಯಂಕಂಚಿಯ ಬೇಸಿಗೆ ವಾಸಿ, ಅಲ್ಲಿ ಬೇವಿನ ನೆರಳಾದರೂ ಇರುತ್ತದೆ. ಮೇಲೆ ಡೆಕ್ಕಿನಲ್ಲಿ ಪ್ಯಾಸೆಂಜರುಗಳು ದುಡ್ಡು ಕೊಟ್ಟು ಬಿಸಿಲು ಕಾಯಿಸಿಕೊಳ್ಳುತ್ತಾರೆ. ಬಿಸಿಲಿಗೆ ದುಡ್ಡು! ನಮ್ಮೂರಿಗೆ ಬಂದಿದ್ದರೆ ಬಂಡಿ ತುಂಬಿ ಪುಕ್ಕಟೆ ಕೊಡುತ್ತಿದ್ದೆ.

ಊಟದ ಹೊತ್ತಿಗೆ ಮೈಬೂಬ ಓಡಿ ಬಂದ. ಸಿಂದಗಿಯವನು, ಈ ನೌಕರಿಗೆ ನನ್ನನ್ನು ಹಚ್ಚಿದವನೂ ಅವನೇ.

"ಲೇ ಸೋಮ್ಯಾ, ಬೋರ್ಡಿನ ಮ್ಯಾಲ ಬರದಾರ. ಸೋಮವಾರ ನೇಪಲ್ಸ್. ಲಾಂಡ್ರಿಯವ್ರಿಗೆ ಒಂಬತ್ತರಿಂದ ನಾಕರ ತನಕ ಕೆಳಗ ಇಳಿಯಾಕ ಪಾಸು."

ಏಳು ತಾಸು. ನಾಲ್ಕು ತಿಂಗಳಿಂದ ಕಾಯುತ್ತಿದ್ದ ಏಳು ತಾಸು.


೧೩ ಮೇ

ಅಪ್ಪ ಸತ್ತಾಗ ಪಲ್ಟಣದಿಂದ ಬಂದಿದ್ದ ಕಾಗದ ತೆಗೆದು ನೋಡಿದೆ. ಮಡಿಕೆಗಳಲ್ಲಿ ಹರಿದಿದೆ, ಅವ್ವ ಗೋಂದು ಹಚ್ಚಿ ಅಂಟಿಸಿದ್ದಾಳೆ. ಅಪ್ಪ ಪಲ್ಟಣ ಸೇರಿದಾಗ ನನಗೆ ಒಂದೂವರೆ ವರ್ಷ. ೧೯೪೪ರಲ್ಲಿ ಇಟಲಿಯಲ್ಲಿ ಸತ್ತ. ಕಾಗದದಲ್ಲಿ ಅವನ ನಂಬರು, ನೇಪಲ್ಸ್ ಹತ್ತಿರದ ಸಿಪಾಯಿಗಳ ಸ್ಮಶಾನದ ಹೆಸರು. ಸಂಗಣ್ಣ ಅಂತ ಇರಬೇಕಾದಲ್ಲಿ ಸಂಗಾಜಿ ಅಂತಿದೆ. ಇಂಗ್ರೇಜಿಯವರಿಗೆ ನಮ್ಮ ಹೆಸರು ಬರೆಯಲು ಬರುವುದಿಲ್ಲ ಎಂದು ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಸಾಲಿ ಮಾಸ್ತರರು ಓದಿ, ಅಲ್ಲಿ ಮಣ್ಣು ಮಾಡಿದ್ದಾರೆ ಎಂದರಂತೆ. ಅವ್ವನಿಗೆ ಅಷ್ಟು ಸಾಕಾಗಿತ್ತು.

ಸಣ್ಣವನಿದ್ದಾಗ ನಾನೇ ಕೇಳುತ್ತಿದ್ದೆ, ಆ ಬಿಳಿಯರಿಗೆ ನಮ್ಮ ಪದ್ಧತಿ ಏನು ಗೊತ್ತು ಅಂತ. ಹೆಣವನ್ನು ಕೂರಿಸಬೇಕು, ಅಂಗೈಯಲ್ಲಿ ಲಿಂಗ ಇಡಬೇಕು, ವಿಭೂತಿ ಹಾಕಿ ಮಣ್ಣು ಮುಚ್ಚಬೇಕು. ಯಾರು ಹೇಳಿಕೊಟ್ಟಾರು? ಅವ್ವ ಅನ್ನುತ್ತಿದ್ದಳು, "ಜೋಡಿ ಸಿಪಾಯಿಗೋಳು ಇರ್ತಾರಲ್ಲ. ಅವ್ರು ಹೇಳ್ತಾರ."

ಜನವರಿಯಲ್ಲಿ ಹೊರಡುವಾಗ ಕೈ ಹಿಡಿದು ಹೇಳಿದಳು. "ನಿನ್ನ ಹಡಗ ಅಲ್ಲಿ ನಿಂತ್ರ ನಿಮ್ಮಪ್ಪನ ಗದ್ದಿಗಿ ಮಣ್ಣ ಒಂದ್ ಹಿಡಿ ತಾ. ನಾ ಹೋದಾಗ ನನ್ನ ಕುಣಿಯಾಗ ಹಾಕ್ರಿ. ಮೂವತ್ತು ವರ್ಷ ಒಬ್ಬಾಕೀನ ಮಲಗೇನಿ. ಅಲ್ಲೀನೂ ಒಬ್ಬಾಕಿನ್ನ ಮಲಗಸಬ್ಯಾಡ್ರಿ."

ಬಿಸ್ಕಿಟಿನ ಡಬ್ಬಿಯೊಂದನ್ನು ತೊಳೆದು ಒಣಗಿಸಿ ಇಟ್ಟಿದ್ದೇನೆ.


೧೭ ಮೇ, ಸೋಮವಾರ. ಸಂಜೆ ಐದು

ಕೆಲಸ ಬಿದ್ದಿದೆ. ಆದರೂ ಬರೆಯುತ್ತೇನೆ.

ಒಂಬತ್ತಕ್ಕೆ ಇಳಿದೆವು. ಮೊದಲು ಪ್ಯಾಸೆಂಜರುಗಳು, ಅವರಿಗೆ ಗಾಜಿನ ಬಸ್ಸು, ಕೊಡೆ ಹಿಡಿದ ಗೈಡು. ಮುದುಕಿಯೊಬ್ಬಳ ಬಿಳಿ ಸ್ಕರ್ಟು ಗುರುತು ಹಿಡಿದೆ, ಶುಕ್ರವಾರ ಅದರ ವೈನಿನ ಕಲೆ ತೆಗೆದವನು ನಾನು. ಅವಳಿಗೆ ನನ್ನ ಗುರುತಿಲ್ಲ. ಇರಬೇಕಾದ ಕಾರಣವೂ ಇಲ್ಲ.

ಉಳಿದ ಹುಡುಗರು ನೈಲಾನ್ ಶರ್ಟು, ವಾಚು ಎಂದು ಬಂದರಿನ ಅಂಗಡಿಗಳಿಗೆ ನುಗ್ಗಿದರು. ಮೈಬೂಬ ನನ್ನ ಜೊತೆ ಬಂದ. ಬೇಡ ಎಂದರೂ ಬಂದ.

ಊರು ಜೋರಾಗಿದೆ. ಇಕ್ಕಟ್ಟಾದ ಓಣಿ, ಈ ಮನೆಯಿಂದ ಆ ಮನೆಗೆ ಹಗ್ಗ, ಹಗ್ಗದ ತುಂಬ ಬಟ್ಟೆ. ಬಟ್ಟೆ ನೋಡಿ ನೋಡಿ ಸಾಕಾದವನಿಗೆ ಇಲ್ಲಿಯೂ ಬಟ್ಟೆ! ಚಾದರ ಚೆನ್ನಾಗಿ ಹಿಂಡಿರಲಿಲ್ಲ, ನಮ್ಮ ತಲೆಯ ಮೇಲೆ ನೀರು ತೊಟ್ಟಿಕ್ಕಿತು. ಮೂಲೆಯಲ್ಲಿ ಕರಿ ಸೀರೆಯಂಥ ಬಟ್ಟೆ ಉಟ್ಟ ಮುದುಕಿ ನಿಂಬೆಹಣ್ಣು ಮಾರುತ್ತಿದ್ದಳು. ಒಂದೊಂದೂ ತೆಂಗಿನಕಾಯಿ ಗಾತ್ರ. ಮೂಸಿ ನೋಡಿದೆ. ನಮ್ಮ ಇಂಡಿ ತಾಲೂಕಿನ ಹಣ್ಣಿನ ಮುಂದೆ ಏನೂ ಅಲ್ಲ, ಬರೀ ಸಿಪ್ಪೆ. ಮೈಬೂಬ ನಕ್ಕ. "ಇಲ್ಲೂ ಬಂದು ಹೆಸರಿಡಾಕತ್ತಿಯಲ್ಲೋ, ನಿನ್ನ ಬಾಯಿ!" ಅಲ್ಲಿಯವರೆಗೆ ನಾನು ಖುಷಿಯಾಗಿಯೇ ಇದ್ದೆ. ಅದನ್ನೂ ಬರೆದಿಡಬೇಕು.

ಕಾಗದ ತೋರಿಸಿ, ಕೈಸನ್ನೆ ಮಾಡಿ ಬಸ್ಸು ಹಿಡಿದೆವು. ತಪ್ಪು ಬಸ್ಸು. ಇಳಿದು ಮತ್ತೊಂದು. ಊರಾಚೆ ಆ ಜಾಗ ತಲುಪಿದಾಗ ಹನ್ನೊಂದೂವರೆ.

ಹುಲ್ಲು ಎಷ್ಟು ಹಸಿರು ಎಂದರೆ ಕಾಲಿಡಲು ಸಂಕೋಚ. ಬಿಳಿ ಕಲ್ಲುಗಳು ಸಾಲುಸಾಲು. ಮೊದಲು ಬಿಳಿಯರು, ಹಿಂದೆ ನಮ್ಮವರು. ಸತ್ತ ಮೇಲೂ ಹಿಂದಿನ ಸಾಲು! ನಮ್ಮ ಕಡೆಯ ಕಲ್ಲುಗಳ ಮೇಲೆಲ್ಲ ಮುಸಲ್ಮಾನರ ಹೆಸರು. ಮೈಬೂಬ ಟೊಪ್ಪಿಗೆ ಹಾಕಿಕೊಂಡು ಸಾಲಿನ ತುದಿಯಲ್ಲಿ ನಿಂತು ಫಾತಿಹಾ ಓದಿದ. ನಾನು ಕಲ್ಲಿಂದ ಕಲ್ಲಿಗೆ ಹೋದೆ. ಎರಡು ಸಲ. ಸಂಗಣ್ಣ ಇಲ್ಲ, ಸಂಗಾಜಿ ಇಲ್ಲ.

ತೋಟದ ಮುದುಕನೊಬ್ಬ ಬಂದ. ಕಾಗದದ ನಂಬರು ನೋಡಿ ಗೋಡೆಯೊಳಗಿನ ಸಣ್ಣ ಕಪಾಟು ತೆರೆದು ದಪ್ಪ ಪುಸ್ತಕ ತೆಗೆದ. ಬೆರಳಿಟ್ಟು ತೋರಿಸಿದ. ಅಕ್ಷರ ಕೂಡಿಸಿ ಓದಿದೆ. ಸಿಪಾಯಿ ಸಂಗಾಜಿ, ಹಿಂದೂ ಮರಾಠಾ, ಹೆಂಡತಿ ಸಾತವ್ವ, ಯಂಕಂಚಿ, ಬಿಜಾಪುರ ಜಿಲ್ಲೆ. ಸಿಂದಗಿ ದಾಟಿ ಬಿಜಾಪುರವನ್ನೂ ನೆಟ್ಟಗೆ ನೋಡದ ನನ್ನವ್ವನ ಹೆಸರು ಆ ಕಪಾಟಿನಲ್ಲಿ. ಅತ್ತುಬಿಟ್ಟೆ.

ಮರಾಠಾ ಯಾಕೆ? ನಾವು ಲಿಂಗವಂತರು.

ಮುದುಕ ನಮ್ಮನ್ನು ಹಿಂದಕ್ಕೆ ಕರೆದೊಯ್ದ. ಅಲ್ಲಿ ಗೋರಿ ಇಲ್ಲ. ಒಂದು ಗೋಡೆ, ಗೋಡೆಯ ತುಂಬ ಹೆಸರು. ಮೇಲೆ ಬರೆದಿತ್ತು: ಇವರ ದೇಹಗಳನ್ನು ಇವರ ಧರ್ಮದ ಪ್ರಕಾರ ಅಗ್ನಿಗೆ ಒಪ್ಪಿಸಲಾಗಿದೆ. ನನಗೆ ತಿಳಿಯಲಿಲ್ಲ ಎಂದುಕೊಂಡ ಮುದುಕ. ಎರಡೂ ಕೈ ನೆಲದ ಹತ್ತಿರ ಹಿಡಿದು, ಬೆರಳು ಅಲ್ಲಾಡಿಸುತ್ತ ಮೇಲಕ್ಕೆ ಎತ್ತಿ ತೋರಿಸಿದ. ಬೆಂಕಿ. ಒಳ್ಳೆಯ ಮನುಷ್ಯ, ಅರ್ಥವಾಗಲಿ ಎಂದು ಎರಡೆರಡು ಸಲ ಮಾಡಿದ.

ಸುಟ್ಟಿದ್ದಾರೆ. ಅಪ್ಪನನ್ನು ಸುಟ್ಟಿದ್ದಾರೆ. ನಮ್ಮ ವಂಶದಲ್ಲಿ ಯಾರನ್ನೂ ಸುಟ್ಟಿಲ್ಲ.

ಡಬ್ಬಿ ಹಿಡಿದುಕೊಂಡು ಎಷ್ಟು ಹೊತ್ತು ಕುಳಿತೆನೋ. ಮೈಬೂಬ ಒಂದು ಗೋರಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಒಂದು ಹಿಡಿ ಮಣ್ಣು ತೆಗೆದ. ಕಲ್ಲಿನ ಮೇಲೆ ಅಬ್ದುಲರಜಾಕ ಎಂದಿತ್ತು.

"ಇವನೂ ನಮ್ಮ ಕಡೆ ಸಿಪಾಯೀನ. ಇದನ್ನ ಒಯ್ಯಿ. ಹಡದವ್ವಗ ಏನ್ ಗೊತ್ತಾಗತೈತಿ? ಸಮಾಧಾನ ಆಗ್ತಾಳ."

"ನಿಮ್ಮವ್ರ ಮಣ್ಣ ನಮ್ಮವ್ವನ ಕುಣಿಯಾಗ ಹಾಕ್ಬೇಕೇನಲೇ?" ಎಂದೆ. ಇನ್ನೂ ಕೆಟ್ಟದ್ದು ಅಂದೆ. ಅದನ್ನು ಬರೆಯುವುದಿಲ್ಲ.

ಅವನು ಮಣ್ಣನ್ನು ಇದ್ದಲ್ಲೇ ಸುರಿದ. ಅಂಗೈಯಿಂದ ತಟ್ಟಿ ಸಮ ಮಾಡಿದ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತ.

ಮೂರೂವರೆಗೆ ಹಡಗಿನ ಗ್ಯಾಂಗ್‌ವೇ. ಆಗಲೇ ಚಾದರದ ಗಂಟುಗಳು ಬಂದು ಬಿದ್ದಿದ್ದವು.


೨ ಜೂನ್

ಹದಿನಾರು ದಿನದ ಮೇಲೆ ಮೈಬೂಬ ಮಾತಾಡಿದ. "ಸೋಪು ಐತೇನು?" ಅಂದ. ಕೊಟ್ಟೆ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ.


೫ ಅಕ್ಟೋಬರ್ ೧೯೭೬, ಮಂಗಳವಾರ. ಯಂಕಂಚಿ

ಬಾಂಬೆಯಿಂದ ಸೊಲ್ಲಾಪುರ, ಅಲ್ಲಿಂದ ರೈಲಿನಲ್ಲಿ ಇಂಡಿ ರೋಡು ಸ್ಟೇಷನ್ನು, ಅಲ್ಲಿಂದ ಬಸ್ಸು, ಟೆಂಪೊ. ಮೈಯೆಲ್ಲ ಧೂಳು. ಅವ್ವ ಬಾಗಿಲಲ್ಲೇ ನಿಂತಿದ್ದಳು. ಬಡವಾಗಿದ್ದಾಳೆ. ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. "ನಾಳೆ ಮಾತಾಡೂಣು" ಎಂದೆ.

ರೇವಣಪ್ಪ ದೊಡ್ಡಪ್ಪ ಬಂದ. ಅಪ್ಪನ ಅಣ್ಣ. ಹಿತ್ತಲಿಗೆ ಕರೆದೊಯ್ದು ಎಲ್ಲ ಹೇಳಿದೆ. ಮರಾಠಾ ಎಂದಾಗ ಅವನ ಮುಖ ಇಳಿಯಿತು.

"ಅವತ್ತ ಬಿಜಾಪುರದಾಗ ಪಲ್ಟಣದ ಭರ್ತಿ ಇತ್ತು" ಎಂದ. "ನಾನ ಕರಕೊಂಡ ಹೋಗಿದ್ನಿ. ಇವತ್ತ ಮರಾಠರನ್ನಷ್ಟ ತಗೋತೀವಿ ಅಂದ್ರು. ಇನ್ನೊಮ್ಮಿ ಬರೂಣು ಅಂದ ನಿಮ್ಮಪ್ಪ. ನಾನ, ಮರಾಠಾ ಅಂತ ಬರಸಿಬಿಡು, ಯಾರ್ ನೋಡ್ತಾರ ಅಂದ್ನಿ. ಸಂಗಾಜಿ ಅನ್ನೂ ಹೆಸರೂ ನಾನ ಹೇಳಿಕೊಟ್ನಿ."

ಆಮೇಲೆ ನನ್ನ ತೋಳು ಗಟ್ಟಿಯಾಗಿ ಹಿಡಿದ. "ಹೊಲದ ಬದುವಿನ್ಯಾಗಿಂದ ಒಂದ್ ಹಿಡಿ ಮಣ್ಣ ಹಾಕಿ ಕೊಡು. ಹೇಳಬ್ಯಾಡೋ ಸೋಮನಿಂಗ, ಆಕಿ ತಡಕೊಳ್ಳಾಂಗಿಲ್ಲ."

ಅವಳು ತಡೆದುಕೊಳ್ಳುವುದಿಲ್ಲವೋ, ಇವನೋ? ಮೂವತ್ತೆರಡು ವರ್ಷ ಬಾಯಿ ಬಿಡದವನು ಈಗ ನನಗೆ ಸುಳ್ಳು ಕಲಿಸಲು ಬಂದಿದ್ದಾನೆ. ಒಂದು ಸುಳ್ಳಿಗೇ ಅಪ್ಪ ಬೂದಿಯಾದ.


೬ ಅಕ್ಟೋಬರ್

ಹೇಳಿಬಿಟ್ಟೆ. ಅವ್ವ ಪೂಜೆ ಮುಗಿಸಿ ಎದ್ದಿದ್ದಳು. ಗೋಡೆ, ಹೆಸರು, ಬೆಂಕಿ, ಮರಾಠಾ ಎಂದು ಬರೆಸಿದ್ದು. ಎಲ್ಲ. ದೊಡ್ಡಪ್ಪ ಕಂಬಕ್ಕೆ ಒರಗಿ ನಿಂತಿದ್ದ.

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ದೇವರ ಜಗಲಿಯ ಮೇಲಿಂದ ಬಿಳಿ ಬಟ್ಟೆಯ ಗಂಟು ತಂದು ನನ್ನ ಮುಂದೆ ಬಿಚ್ಚಿದಳು. ಒಂದು ಲಿಂಗ. ದಿನಾಲೂ ಎರಡು ಲಿಂಗಕ್ಕೆ ಪೂಜೆ ಮಾಡುತ್ತಿದ್ದಳು. ಒಂದು ಹಿರಿಯರದ್ದು ಎಂದೇ ನಾನು ತಿಳಿದಿದ್ದೆ.

"ನಿಮ್ಮಪ್ಪಂದು" ಎಂದಳು. "ಹೋಗುವಾಗ ಕೊಳ್ಳಾಗಿಂದು ಬಿಚ್ಚಿ ಕೊಟ್ರು. ಅಲ್ಲಿ ಕಂಡ್ರ ಪಲ್ಟಣದಿಂದ ತಗದ್ ಹಾಕ್ತಾರ, ಬರೂತನ ನೀ ಪೂಜಾ ಮಾಡು ಅಂದ್ರು. ಲಿಂಗಿಲ್ಲದ ಹೂಳ್ಯಾರಂತ ಗೊತ್ತಿತ್ತು. ಹೂಳೂದರ ಹೂಳ್ಯಾರಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ನಿ. ಮಣ್ಣ ಬಂದ್ರ ಇದನ್ನ ಅದರಾಗ ಇಟ್ಟು ನನ್ನ ಮಗ್ಗಲಕ..."

ಲಿಂಗವನ್ನು ಮತ್ತೆ ಬಟ್ಟೆಯಲ್ಲಿಟ್ಟು, "ಕೊಳ್ಳಿ ಯಾರ್ ಇಟ್ರು?" ಎಂದು ಕೇಳಿದಳು.

"ಗೊತ್ತಿಲ್ಲ ಯವ್ವಾ."

"ಹೌದು, ನಿನಗರ ಹ್ಯಾಂಗ ಗೊತ್ತಿರತೈತಿ."

ಗಂಟು ಕಟ್ಟಿದಳು. ನಿಧಾನವಾಗಿ, ಎರಡು ಗಂಟು ಹಾಕಿ. ಆಮೇಲೆ ದೊಡ್ಡಪ್ಪನ ಕಡೆ ತಿರುಗದೆ, ನನಗೇ ಹೇಳಿದಳು.

"ನಾ ಸತ್ರ ನನ್ನೂ ಸುಡು."

ದೊಡ್ಡಪ್ಪ ಕೂಗಾಡಿದ. ಕುಲ ಎಂದ, ಮಠದ ಅಯ್ಯನವರು ಎಂದ, ಊರು ಬಾಯಿಗೆ ಬಂದ ಹಾಗೆ ಆಡುತ್ತದೆ ಎಂದ. ಅವ್ವ ಒಂದೇ ಮಾತು ಹೇಳಿದಳು. "ನೀವು ಸುಮ್ಮಕಿರ್ರಿ ಮಾವಾರ. ಅವರನ್ನ ಮರಾಠಾ ಅಂತ ಬರಸಿ ಬಂದವ್ರು ನೀವ."

ಅವನು ಎದ್ದು ಹೋದ. ನನಗೆ ಖುಷಿಯಾಯಿತು. ಬಹಳ ಖುಷಿಯಾಯಿತು.


೯ ಜನವರಿ ೧೯೭೭

ನಾಳೆ ಬಾಂಬೆಗೆ. ಮೂರು ತಿಂಗಳು ಇದ್ದೆ, ಅವ್ವ ಮೊದಲಿನ ಹಾಗೆಯೇ ರೊಟ್ಟಿ ಬಡಿದಳು, ಕಸ ಗುಡಿಸಿದಳು. ಪೂಜೆ ಮಾತ್ರ ಒಂದೇ ಲಿಂಗಕ್ಕೆ. ಗಂಟು ಬಿಚ್ಚಲೇ ಇಲ್ಲ.

ಇವತ್ತು ಕೈ ಚಾಚಿದಳು. "ಮಾತ್ ಕೊಡು. ನಿಮ್ಮ ದೊಡ್ಡಪ್ಪ ಬಿಡಾಂಗಿಲ್ಲ, ಊರೂ ಬಿಡಾಂಗಿಲ್ಲ. ನೀನ ಇಡಬೇಕು ಕೊಳ್ಳಿ. ಅವ್ರು ಹೋದ ದಾರಿಲೇ ಹೋಗ್ತೇನಿ."

ಅಂಗೈ ಮೇಲೆ ಅಂಗೈ ಇಟ್ಟು ಮಾತು ಕೊಟ್ಟೆ.


೨೧ ಏಪ್ರಿಲ್ ೧೯೭೭, ಗುರುವಾರ. ನೇಪಲ್ಸ್, ಮಧ್ಯಾಹ್ನ

ಮತ್ತೆ ಇಲ್ಲಿಯೇ ನಿಂತಿದೆ ಹಡಗು. ಎಲ್ಲರೂ ಇಳಿದಿದ್ದಾರೆ. ಬಂದರಿನ ಏಜೆಂಟ್ ಬೆಳಿಗ್ಗೆ ಟಪಾಲು ತಂದ. ದೊಡ್ಡಪ್ಪನ ಕಾಗದ, ಬಾಂಬೆ ಆಫೀಸಿನಲ್ಲಿ ಮೂರು ವಾರ ಕೊಳೆತು ಬಂದಿದೆ.

"ಚಿರಂಜೀವಿ ಸೋಮನಿಂಗನಿಗೆ ಆಶೀರ್ವಾದ. ಮಾರ್ಚ್ ಎಂಟಕ್ಕೆ ನಿನ್ನ ತಾಯಿ ಲಿಂಗೈಕ್ಯಳಾದಳು. ಎರಡು ದಿನ ಜ್ವರ ಇತ್ತು. ಅಯ್ಯನವರನ್ನು ಕರೆಸಿ, ಕೂರಿಸಿ, ಎಲ್ಲಾ ಪದ್ಧತಿ ಪ್ರಕಾರ ನಮ್ಮ ಹೊಲದಲ್ಲಿ ಮಣ್ಣು ಮಾಡಿದ್ದೇವೆ. ಯಾವುದಕ್ಕೂ ಕಡಿಮೆ ಮಾಡಿಲ್ಲ. ಜ್ವರದಲ್ಲಿ ಏನೇನೋ ಅನ್ನುತ್ತಿದ್ದಳು, ಅದನ್ನು ಯಾರಿಗೂ ತಿಳಿಸಿಲ್ಲ. ತಮ್ಮನ ಲಿಂಗವನ್ನೂ ಅವಳ ಕೈಯಲ್ಲಿಯೇ ಇಟ್ಟಿದ್ದೇನೆ. ನೀನು ಚಿಂತೆ ಮಾಡಬೇಡ."

ಎಲ್ಲ ನೆಟ್ಟಗೆ ಮಾಡಿ ಮುಗಿಸಿದ್ದಾನೆ. ಅಪ್ಪನ ಜಾತಿ ಬರೆಸಿದವನು ಅವನೇ, ಅವ್ವನನ್ನು ಕೂರಿಸಿದವನೂ ಅವನೇ. ಇಬ್ಬರೂ ತಮಗೆ ಬೇಕಾದಂತೆ ಹೋಗಲಿಲ್ಲ.

ಮೈಬೂಬ ಬಾಗಿಲಲ್ಲಿ ಬಂದು ನಿಂತ. ಇಳಿದು ಹೋಗಿದ್ದವನು, ಯಾರೋ ಹೇಳಿದರಂತೆ, ಹಿಂತಿರುಗಿ ಬಂದ. "ನಿನ್ನ ಕೈಯಾಗ ಏನಿತ್ತೋ ಸೋಮ್ಯಾ? ನೀ ಇಲ್ಲಿ, ಆಕಿ ಅಲ್ಲಿ. ನೀ ಇದ್ದಿದ್ರ ಮಾಡ್ತಿದ್ದಿ" ಎಂದ. ಹೆಗಲ ಮೇಲೆ ಕೈ ಇಟ್ಟ. ಅವತ್ತು ಹಾಗೆಲ್ಲ ಅಂದ ನನ್ನ ಹೆಗಲ ಮೇಲೆ. ಹೌದು ಎನ್ನುವಂತೆ ತಲೆ ಆಡಿಸಿದೆ. ಅವನು ಚಹಾ ತರಲು ಹೋಗಿದ್ದಾನೆ.

ಅವನು ಬರುವುದರೊಳಗೆ ಇದನ್ನು ಬರೆದುಬಿಡಬೇಕು. ಇಲ್ಲದಿದ್ದರೆ ನಾಳೆಯಿಂದ ನಾನೂ ಅವನು ಹೇಳಿದ್ದನ್ನೇ ನಂಬುತ್ತೇನೆ. ಕಾಗದ ಓದಿ ಮುಗಿಸಿದಾಗ ನನಗೆ ಮೊದಲು ಅಳು ಬರಲಿಲ್ಲ. ಹಗುರವಾಯಿತು. ಊರಿನವರೆಲ್ಲ ನೋಡುತ್ತ ನಿಂತಿರುವಾಗ, ಅಯ್ಯನವರ ಮುಂದೆ, ಆ ದೊಡ್ಡಪ್ಪನ ಮುಂದೆ ಕೊಳ್ಳಿ ಹಿಡಿದು ನಿಲ್ಲುವುದು ತಪ್ಪಿತಲ್ಲ ಎಂದು. ಅಂಗೈ ಮೇಲೆ ಅಂಗೈ ಇಟ್ಟ ಹೊತ್ತಿನಲ್ಲೇ ನನಗೆ ಗೊತ್ತಿತ್ತು, ನಾನು ಅವಳನ್ನು ಸುಡುವವನಲ್ಲ—