ಮಹಡಿ ಮನೆ ಖಾಲಿ ಮಾಡುವ ವಿಚಾರ

ಕೂಕಟ್‌ಪಲ್ಲಿ
ಫೆಬ್ರವರಿ 2006

ಮಾನ್ಯ ಮಹೇಶಕುಮಾರ ಅವರಿಗೆ,
ಶ್ರೀವಿದ್ಯಾಳ ನಮಸ್ಕಾರ.

ತಿಂಗಳ ಕೊನೆಗೆ ಮನೆ ಬಿಡಬೇಕೆಂದು ನೀವು ಫೋನಿನಲ್ಲಿ ಹೇಳಿದಿರಿ. ಸಾವಾದ ಮನೆಗೆ ಮುಂದೆ ಯಾರೂ ಬಾಡಿಗೆಗೆ ಬರುವುದಿಲ್ಲ ಎಂಬ ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. ನನ್ನ ಕ್ಯಾನ್ಸರ್ ಈಗ ಲಿವರಿಗೂ ಬೆನ್ನುಮೂಳೆಗೂ ಹರಡಿದೆ. ಇನ್ನು ನೋವಿಗೆ ಮಾತ್ರ ಔಷಧ ಎಂದು ಡಾಕ್ಟರು ಹೇಳಿದ್ದಾರೆ. ಗಚ್ಚಿಬೌಲಿಯ ಸಾಫ್ಟ್‌ವೇರ್ ಕೆಲಸವನ್ನು ಬಿಟ್ಟಿದ್ದೇನೆ. ಹುಟ್ಟೂರು ಮೈಸೂರಿನಲ್ಲಿ ನನ್ನವರು ಯಾರೂ ಉಳಿದಿಲ್ಲ. ಆದರೂ ಬಟ್ಟೆಗಳನ್ನು ಸೂಟ್‌ಕೇಸಿಗೆ ತುಂಬಿದ್ದೆ.

ನಿನ್ನೆ ಕೆಳಗಿನ ಮನೆಯಿಂದ ನಿಮ್ಮ ತಾಯಿ ಉಮಾಬಾಯಿಯವರು ಗಂಜಿ ತಂದರು. ಸೂಟ್‌ಕೇಸು ನೋಡಿ, "ಎಲ್ಲಿ ಹೊಂಟೀಯವ್ವ?" ಎಂದರು. ನಾನು ಅದರ ಮುಚ್ಚಳ ಮುಚ್ಚಿದೆ.

"ಮಹೇಶ ಏನರ ಅಂದನೇನು? ಅವರಪ್ಪನೂ ಇದೇ ಮನ್ಯಾಗ ಜೀವಾ ಬಿಟ್ಟಾರ. ಮನಿಗೇನೂ ಆಗಿಲ್ಲ. ನೀ ಇಲ್ಲೇ ಇರು. ಕಡೀತನಕ ನಾ ಅದೀನಿ."

ಬಟ್ಟೆಗಳನ್ನೆಲ್ಲ ಅವರೇ ತೆಗೆದು ಮತ್ತೆ ಕಪಾಟಿನಲ್ಲಿಟ್ಟರು. ಆಮೇಲೆ ಚಮಚದಿಂದ ಗಂಜಿ ಕುಡಿಸಿದರು. ಬಹಳ ದಿನಗಳ ಮೇಲೆ ತಿಂದದ್ದು ಹೊಟ್ಟೆಯಲ್ಲಿ ನಿಂತಿತು, ನಿದ್ದೆಯೂ ಬಂತು.

ಹಾಗಾಗಿ ನಾನು ಮನೆ ಬಿಡುವುದಿಲ್ಲ. ದಯವಿಟ್ಟು ಅವರ ಮೇಲೆ ಸಿಟ್ಟಾಗಬೇಡಿ.

ಇನ್ನೊಂದು ಮಾತು. ಮಹಡಿ ಮೆಟ್ಟಿಲಿಗೆ ಹಿಡಿಕಂಬಿ ಇಲ್ಲ. ಒಂದು ಕೈಯಲ್ಲಿ ಪಾತ್ರೆ ಹಿಡಿದು, ಇನ್ನೊಂದರಿಂದ ಗೋಡೆ ಸವರುತ್ತ ಅವರು ಹತ್ತುತ್ತಾರೆ. ಈ ವಾರವೇ ಒಂದು ಕಂಬಿ ಹಾಕಿಸಿ. ನನ್ನ ನಂತರ ಇಲ್ಲಿಗೆ ಯಾರೇ ಬರಲಿ, ಊಟ ಆಯಿತೇ ಎಂದು ಕೇಳಲು ಅವರು ಹತ್ತಿಯೇ ಹತ್ತುತ್ತಾರೆ.

ಇತಿ,
ನಿಮ್ಮ ಮಹಡಿ ಮನೆಯ
ಶ್ರೀವಿದ್ಯಾ