ಇವಳು ಯಾರ ಹತ್ತಿರ ಹೇಳಿಕೊಳ್ಳುತ್ತಾಳೆ

ಮಾರ್ಚ್ ೧೪, ಶನಿವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರಗಳು. ಭಾವನ ಮಂಡಿನೋವು ಹೇಗಿದೆ? ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಬೈಯಬೇಡ. ಉತ್ತರ ಬರೆಯಲು ಕೂತಾಗಲೆಲ್ಲ ಇವಳು ಕೋಣೆಗೆ ಬರುತ್ತಿದ್ದಳು, ನಾನು ಹಾಳೆ ಮಡಚಿ ಎದ್ದುಬಿಡುತ್ತಿದ್ದೆ. ಇವತ್ತು ಇವಳು ಹೊರಗೆ ಹೋಗಿದ್ದಾಳೆ. ಎಲ್ಲಿಗೆ ಎನ್ನುವುದೇ ವಿಷಯ.

ಚಳಿಗಾಲ ಶುರುವಾದಾಗಿನಿಂದ ಪ್ರತಿ ಶನಿವಾರ ಇವಳು ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಹೋಗುತ್ತಿದ್ದಾಳೆ. "ನಿದ್ದೆ ಸರಿಯಾಗಿ ಬರ್ತಿಲ್ಲ, ಒಬ್ರನ್ನ ನೋಡ್ಕೊಂಡು ಬರ್ತೀನಿ" ಎಂದಿದ್ದಳು. ಸರಿ, ಹೋಗಲಿ ಎಂದುಕೊಂಡೆ. ಆದರೆ ನಿದ್ದೆಗೆಂದು ಹೋದವಳ ಕೈಯಲ್ಲಿ ಮಾತ್ರೆಯಾದರೂ ಇರಬೇಕು ತಾನೆ? ಅದೂ ಇಲ್ಲ.

"ಅಲ್ಲಿ ಏನ್ ಮಾಡ್ತೀರ?" ಎಂದು ಕೇಳಿದೆ.

"ಮಾತಾಡ್ತೀವಿ."

"ಏನ್ ಮಾತಾಡ್ತೀರ?"

"ಹೀಗೇ."

ನನ್ನ ಕೆಲಸ ನಿನಗೆ ಗೊತ್ತಲ್ಲ. ಲಿಫ್ಟ್ ಇನ್‌ಸ್ಪೆಕ್ಟರ್. ಕಟ್ಟಡದ ಮಾಲೀಕ ಹಲ್ಲು ಕಿರಿದು "ಎಲ್ಲ ಸರಿ ಇದೆ ಸಾರ್" ಅಂದರೆ ಅಲ್ಲೇ ಏನೋ ಸವೆದಿದೆ ಎಂದೇ ಲೆಕ್ಕ. ಇವಳ "ಹೀಗೇ" ನನಗೆ ಹಾಗೇ ಕೇಳಿಸಿತು.

ಆಮೇಲೆ ಇವಳ ರೀತಿಯೇ ಬದಲಾಯಿತು. ಬಾಲ್ಕನಿಯ ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಕೂತು ಕಾಫಿ ಕುಡಿಯುತ್ತಾಳೆ. ಒಲೆ ಆರಿಸಿದೆಯಾ ಎಂದರೆ "ಆರಿಸಿದ್ದೀನಿ" ಎಂದು ಒಮ್ಮೆ ಹೇಳಿ ಸುಮ್ಮನಾಗುತ್ತಾಳೆ. ಮೊದಲೆಲ್ಲ ಎದ್ದು ಬಂದು ತೋರಿಸುತ್ತಿದ್ದಳು. ಒಂದು ಸಂಜೆ ಅವಳ ಚೀಲದಲ್ಲಿ ಬೀಗದ ಕೈ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಹಿಂದೆ ಬಂದು ನಿಂತಳು. "ಅದು ನನ್ನ ಚೀಲ. ಏನ್ ಬೇಕೋ ಕೇಳಿ, ನಾನೇ ತೆಗೆದು ಕೊಡ್ತೀನಿ" ಎಂದಳು. ದನಿ ಏರಿಸಲಿಲ್ಲ, ಕಣ್ಣು ತಗ್ಗಿಸಲೂ ಇಲ್ಲ. ಅಕ್ಕ, ಇದು ಇವಳ ಬಾಯಿಯ ಮಾತಲ್ಲ, ಯಾರೋ ಹೇಳಿಕೊಟ್ಟದ್ದು. ಆ ಹೆಂಗಸು ಕಿವಿ ಊದುತ್ತಿದ್ದಾಳೆ, ನನ್ನ ಮನೆ ಒಡೆಯುತ್ತಾಳೆ ಎಂಬ ಹುಳ ತಲೆಗೆ ಹೊಕ್ಕಿತು.

ಮುಂದಿನ ಶನಿವಾರ ಇವಳ ಹಿಂದೆಯೇ ಹೋದೆ. ಕನ್ನಡಕದ ಅಂಗಡಿಯ ಮೇಲಿನ ಮಹಡಿ. ಬೋರ್ಡಿನ ಮೇಲೆ ಆಪ್ತ ಸಮಾಲೋಚನೆ ಎಂದಿತ್ತು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ವೈಯಕ್ತಿಕ ಕೋಚಿಂಗ್. ಆ ಸಣ್ಣ ಅಕ್ಷರವೇ ದಾರಿ ತೋರಿಸಿತು. ಮುಂದಿನ ತಿಂಗಳು ನನ್ನ ನಿವೃತ್ತಿ ತಾನೆ? ಬೀಳ್ಕೊಡುಗೆಯಲ್ಲಿ ನಾಲ್ಕು ಮಾತಾಡಬೇಕು, ನಾಲಗೆ ಏಳುವುದಿಲ್ಲ, ತರಬೇತಿ ಬೇಕು ಎಂದು ಫೋನ್ ಮಾಡಿದೆ. ಬುಧವಾರ ಬನ್ನಿ ಅಂದರು. ಹೆಸರು ಮಾತ್ರ ಬೇರೆ ಹೇಳಿದೆ. ನಗಬೇಡ.

ಹೋಗಿ ನೋಡಿದರೆ ಬಾಗಿಲ ಹೊರಗೆ ನೆಲದ ಮೇಲೆ ಬಟ್ಟಲಿನಂಥ ಯಂತ್ರವೊಂದು ಜುಯ್ ಎನ್ನುತ್ತಿತ್ತು. ಒಳಗಿನ ಮಾತು ಹೊರಗೆ ಕೇಳಬಾರದೆಂದು ಇಟ್ಟದ್ದಂತೆ. ಮುಚ್ಚಿಡುವಂಥದ್ದು ಇಲ್ಲದಿದ್ದರೆ ಇದ್ಯಾಕೆ? ಒಳಗೆ ಒಂದೇ ಎತ್ತರದ ಎರಡು ಕುರ್ಚಿ, ನಡುವೆ ಮೇಜೂ ಇಲ್ಲ. ಆಕೆಗೆ ನನ್ನ ಪ್ರಾಯವೇ ಇರಬಹುದು, ಕಾಲಿಗೆ ಓಡುವವರ ಬೂಟು.

ಆಕೆ ಮೊದಲೇ ವಿವರಿಸಿದರು. ಹಳೆಯದೇನೋ ನೋಯುತ್ತಿದ್ದರೆ ಅದು ಸಮಾಲೋಚನೆ. ಮುಂದೊಂದು ಕೆಲಸ ಸಾಧಿಸಬೇಕಿದ್ದರೆ ಅದು ಕೋಚಿಂಗ್. "ಎರಡರಲ್ಲೂ ನಾನು ಬುದ್ಧಿ ಹೇಳೋದು ಕಡಿಮೆ, ಕೇಳೋದು ಜಾಸ್ತಿ" ಅಂದರು. ಬುದ್ಧಿ ಹೇಳದವರ ಹತ್ತಿರ ಜನ ಯಾಕೆ ಬರುತ್ತಾರೆ? ನನ್ನ ಅನುಮಾನ ಇನ್ನೂ ಬಲವಾಯಿತು.

ಭಾಷಣ ಹೇಳಿಸಿದರು. ಎರಡು ಸಾಲಿಗೇ ನಿಂತೆ. ಆಕೆ ತಿದ್ದಲಿಲ್ಲ. "ಬೀಳ್ಕೊಡುಗೆ ಮುಗೀತು, ಮಾರನೇ ದಿನ ಬೆಳಿಗ್ಗೆ ಎದ್ದು ಏನ್ ಮಾಡ್ತೀರ?" ಎಂದು ಕೇಳಿದರು.

"ಮಾಡೋದೇನು? ಮನೆ ನೋಡ್ಕೋತೀನಿ. ಮನೇಲಿ ಒಂದೂ ಸರಿಯಾಗಿಲ್ಲ. ಇಷ್ಟು ವರ್ಷ ಪುರಸೊತ್ತೇ ಇರ್ಲಿಲ್ಲ."

"ಮನೇಲಿ ಇರೋರಿಗೆ ಹೇಗನ್ಸುತ್ತೆ ಅದು?"

"ಖುಷಿ ಆಗುತ್ತೆ. ಮತ್ತೇನು?" ಎಂದೆ.

ಎರಡನೆಯ ಸಲ ಹೋದಾಗ ತಡೆಯಲಾಗಲಿಲ್ಲ. ಇಲ್ಲಿ ಹೆಂಗಸರು ಬಂದು ಗಂಡಂದಿರ ಮೇಲೆ ಚಾಡಿ ಹೇಳುತ್ತಾರಾ ಎಂದು ಕೇಳಿದೆ. ಶನಿವಾರ ಬೆಳಿಗ್ಗೆ ಯಾರು ಯಾರು ಬರುತ್ತಾರೆ ಎಂದೂ ಕೇಳಿದೆ. ಆಕೆ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ನಿಮ್ಮ ಕಡೆಯವರು ಯಾರಾದ್ರೂ ಇಲ್ಲಿಗೆ ಬರ್ತಾರೆ ಅಂತ ನಿಮಗೆ ಅನುಮಾನ ಇದೆಯಾ?"

ನಾನು ಆಕೆಯ ಬೂಟು ನೋಡುತ್ತ ಕೂತೆ.

"ಬರ್ತಾರೆ ಅಂತ ನಾನು ಹೇಳಲ್ಲ, ಬರಲ್ಲ ಅಂತಲೂ ಹೇಳಲ್ಲ. ಪೊಲೀಸ್ ಕೆಲಸಕ್ಕೆ ಬಂದಿದ್ರೆ ಈ ಕೋಚಿಂಗ್ ಇವತ್ತಿಗೇ ನಿಲ್ಸೋಣ. ಬೇಕಿದ್ರೆ ಬೇರೆಯವರ ಹತ್ರ ಕಳಿಸಿಕೊಡ್ತೀನಿ. ಆದ್ರೆ ನನ್ನನ್ನ ಕೇಳ್ತಿರೋದನ್ನ ಅವರನ್ನೇ ಕೇಳೋಕೆ ಯಾಕೆ ಆಗ್ತಿಲ್ಲ ನಿಮಗೆ?"

ಮೆಟ್ಟಿಲಿಳಿಯುವಾಗ ಆಕೆಯನ್ನು ಬೈದುಕೊಂಡೇ ಇಳಿದೆ. ಎಂಥ ನಾಜೂಕಿನ ಹೆಂಗಸು, ಒಂದು ತುಣುಕೂ ಬಿಟ್ಟುಕೊಡಲಿಲ್ಲ!

ಮನೆಗೆ ಬಂದವನೇ ಇವಳಿಗೆ ಎಲ್ಲ ಹೇಳಿಬಿಟ್ಟೆ: ಹಿಂದೆ ಹೋದದ್ದು, ಸುಳ್ಳು ಹೆಸರು, ಭಾಷಣ. ರಂಪವಾಗುತ್ತದೆ ಅಂದುಕೊಂಡಿದ್ದೆ. ಇವಳು ಕೈ ಒರೆಸಿಕೊಂಡು ಎದುರಿಗೆ ಕೂತಳು. "ಸರಿ, ಕೇಳಿ. ಹೇಳ್ತೀನಿ" ಎಂದಳು. ಕೇಳಿದೆ, ಹೇಳಿದಳು. ನಿದ್ದೆಯ ವಿಷಯವೇ ಅಂತೆ, ವಯಸ್ಸಿನ ತಾಪತ್ರಯ. ನೀನೇನೂ ಗಾಬರಿಯಾಗಬೇಡ. ಆ ಮನಶ್ಶಾಸ್ತ್ರಜ್ಞೆಯ ಮೇಲಿನ ಅನುಮಾನ ಮಾತ್ರ ನನಗೆ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ.

ಭಾವನಿಗೆ ಬಿಸಿನೀರಿನ ಶಾಖ ಕೊಡು. ನಿನ್ನ ಮಗಳಿಗೂ ಅವಳ ಪುಟ್ಟಿಗೂ ಮಾವನ ತುಂಬು ಆಶೀರ್ವಾದ, ಚೆನ್ನಾಗಿ ಬಾಳಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಮ್ಮ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಇವಳು ಹೇಳಿದ್ದು ನಿದ್ದೆಯಷ್ಟೇ ಅಲ್ಲ. "ಇಷ್ಟು ವರ್ಷ ನೀವು ಕೆಲಸಕ್ಕೆ ಹೋದ ಮೇಲೆ ಸಂಜೆವರೆಗೂ ಈ ಮನೇಲಿ ಉಸಿರಾಡ್ತಿದ್ದೆ. ಇನ್ಮೇಲೆ ನೀವು ಇಡೀ ದಿನ ಇರ್ತೀರ. ಅದನ್ನ ನೆನೆಸ್ಕೊಂಡ್ರೆ ಹೆದರಿಕೆ ಆಗುತ್ತೆ. ಬಿಟ್ಟು ಹೋಗೋ ಮನಸ್ಸಿಲ್ಲ ನಂಗೆ. ಇರೋದು ಹೇಗೆ ಅಂತ ಕಲಿಯೋಕೆ ಹೋಗ್ತಿದ್ದೀನಿ" ಎಂದಳು. ಬೇಜಾರು ಅಂದಿದ್ದರೆ ಜಗಳವಾಡುತ್ತಿದ್ದೆ. ಹೆದರಿಕೆ ಅಂದಳು. ನಾನು ಒಂದು ದಿನವೂ ಕೈ ಎತ್ತಿದವನಲ್ಲ, ನಿನಗೆ ಗೊತ್ತು. ಆದರೂ ಹೆದರಿಕೆ ಅಂದಳು. ಅಕ್ಕ, ನೀನು ನನ್ನನ್ನು ಎತ್ತಿ ಆಡಿಸಿದವಳು. ನಾನು ನಿನ್ನ ಮನೆಗೆ ಬರುತ್ತೇನೆ ಎಂದು ಬರೆದಾಗ ನಿನಗೂ ಎಂದಾದರೂ ಹಾಗನ್ನಿಸಿದೆಯಾ? ನಿಜ ಬರೆ.