ಅತ್ತೆಯ ಮುಖ ಅತ್ತೆಗೆ ಸಿಕ್ಕಿದ್ದು

ಭಾನುವಾರ, ಮಧ್ಯಾಹ್ನ

ಸ್ಟುಡಿಯೋ ಯಜಮಾನರಿಗೆ,

ನಾವು ಬೇರೆಯಾದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ದೂರಲು ಅಲ್ಲ, ಜಂಬ ಕೊಚ್ಚಿಕೊಳ್ಳಲು. ನನ್ನ ಜೊತೆಗೇ ಉಳಿದ ನಿಮ್ಮ ತಾಯಿಯ ಫೋಟೋ ತೆಗೆದೆ, ನನ್ನ ಹಳೇ ಮೊಬೈಲಿನಲ್ಲೇ.

ಲಕ್ವ ಹೊಡೆದು ಅತ್ತೆಯ ಬಾಯಿ ಸೊಟ್ಟಗಾದ ಮೇಲೆ ನೀವು ತೆಗೆದ ಫೋಟೋ ನೆನಪಿದೆಯಲ್ಲ? ಕಂಪ್ಯೂಟರಿನಲ್ಲಿ ಬಾಯಿ ನೆಟ್ಟಗೆ ಮಾಡಿ, ಸುಕ್ಕು ಅಳಿಸಿ ಕೊಟ್ಟಿರಿ. "ಇವಳ್ಯಾರೋ? ನನ್ನ ಮುಖ ಅಂದ್ರೆ ನಿಂಗಷ್ಟು ನಾಚಿಕೆನೇನೋ?" ಎಂದು ಕೇಳಿದವರು ಆಮೇಲೆ ಕ್ಯಾಮೆರಾ ಕಂಡರೆ ಎದ್ದು ಹೋಗುತ್ತಿದ್ದರು. ಈಚೆಗೆ ಅವರಿಗೇ ಆಸೆ ಹುಟ್ಟಿತು: ಕಣ್ಣು ಮುಚ್ಚುವ ಮೊದಲು ತನ್ನದೇ ಮುಖದ ಒಂದು ಫೋಟೋ ಬೇಕಂತೆ.

ಮೊದಲು ನಾನೂ ಎಡವಿದೆ. ಎದುರು ನಿಂತು, ನಗಿ ನಗಿ ಎಂದು ಪೀಡಿಸಿ ತೆಗೆದೆ. "ಬಾಯಿ ಆ ಕಡೆಗೆ ಹೋಗಿದೆಯಲ್ಲೇ, ಇದು ನಾನಲ್ಲ" ಎಂದರು. ಕುಣಿಯಲಾರದವಳು ನೆಲ ಡೊಂಕೆಂದಂತೆ ಮೊಬೈಲನ್ನು ಬೈದೆ. ಆಮೇಲೆ ಹೊಳೆಯಿತು. ದಿನವಿಡೀ ಗಿರಾಕಿಗಳ ಮುಖವನ್ನು ಕನ್ನಡಿಯಲ್ಲಿ ನೋಡುತ್ತ ಕೂದಲು ಕತ್ತರಿಸುವವಳು ನಾನು. ಯಾರಿಗೇ ಆಗಲಿ, ಗೊತ್ತಿರುವುದು ತಮ್ಮ ಕನ್ನಡಿಯ ಮುಖ. ಫೋಟೋದಲ್ಲಿ ಎಡ ಬಲ ಅದಲುಬದಲಾಗಿ, ಅತ್ತೆಯ ಸೊಟ್ಟ ಬಾಯಿ ಇನ್ನೊಂದು ಕಡೆಗೆ ಕಾಣುತ್ತದೆ.

ಪಾರ್ಲರಿನ ಕುರ್ಚಿಯಲ್ಲಿ ಕೂರಿಸಿ ಟ್ಯೂಬ್‌ಲೈಟ್ ಆರಿಸಿದೆ. ಬಾಗಿಲ ಬೆಳಕು ಪಕ್ಕದಿಂದ ಬೀಳುತ್ತಿತ್ತು. ಅವರ ಕಣ್ಣಿನ ಮಟ್ಟಕ್ಕೆ ಬಗ್ಗಿ, ಝೂಮ್ ಮಾಡದೆ ನಾನೇ ಹತ್ತಿರ ಸರಿದು, ಕನ್ನಡಿಯೊಳಗಿನ ಮುಖಕ್ಕೆ ಮೊಬೈಲ್ ಹಿಡಿದೆ. ನಗಿ ಎನ್ನಲಿಲ್ಲ. ನಾನು ಕತ್ತರಿಸಿದ ಮುಂಗೂದಲು ಹೇಗಿದೆ ಎಂದು ಕೇಳಿದೆ, ಅಷ್ಟೆ. ಇಲಿ ಕಚ್ಚಿದ ಹಾಗಿದೆ ಎಂದು ಶುರುವಿಟ್ಟುಕೊಂಡರು. ಬೈಯುತ್ತ ಬೈಯುತ್ತ ಅವರಿಗೇ ನಗು ಬಂತು, ಸೊಟ್ಟ ನಗು. ಆಗ ಒತ್ತಿದೆ.

ಬಹಳ ಹೊತ್ತು ನೋಡಿದರು. "ಹೂಂ, ಇದು ನಾನೇ. ಚೆನ್ನಾಗೇ ಇದ್ದೀನಲ್ಲೇ" ಎಂದರು. ನನ್ನ ಕಾಲು ಇನ್ನೂ ನೆಲದ ಮೇಲಿಲ್ಲ. ನಿಮ್ಮ ಜೊತೆ ಲೈಟು ಹಿಡಿದು ನಿಂತೇ ಸವೆದವಳು ನಾನು; ಒಂದು ದಿನವೂ ಕ್ಯಾಮೆರಾ ಕೈಗೆ ಕೊಟ್ಟವರಲ್ಲ ನೀವು. ಈಗ ಬಂದ ಗಿರಾಕಿಗಳಿಗೆಲ್ಲ "ನನ್ನ ಸೊಸೆ ತೆಗೆದದ್ದು" ಎಂದು ಅತ್ತೆ ತೋರಿಸುತ್ತಾರೆ. ನಾನು ಸುಮ್ಮನೆ ಬೇಡ ಬೇಡ ಎನ್ನುತ್ತೇನೆ.

ಇಂತು,
ಇಂದಿಗೂ ನಿಮ್ಮ ತಾಯಿಯ ಸೊಸೆ

ತಾ.ಕ.: ಲಕೋಟೆಯಲ್ಲಿ ಫೋಟೋ ಹುಡುಕಬೇಡಿ, ಇಟ್ಟಿಲ್ಲ. "ನನ್ನ ಮುಖ ನೋಡ್ಬೇಕಂದ್ರೆ ಅವನೇ ಬಂದು ನೋಡ್ಲಿ" ಎಂದು ಅತ್ತೆಯ ಅಪ್ಪಣೆಯಾಗಿದೆ. ಹಾಗೆ ಹೇಳಿ ಎಂದು ಅವರಿಗೆ ಹೇಳಿಕೊಟ್ಟವಳು ನಾನು.